ಹಣೆಬರಹ ಮತ್ತು ರಕ್ತಪರೀಕ್ಷೆ

ಮನುಷ್ಯನ ಆಯುಸ್ಸು ಮೊದಲೇ ಗೊತ್ತಾಗಿರುತ್ತದೆಯೇ, ಇಲ್ಲವೇ? ಚರಕಸಂಹಿತೆಯ ವಿಮಾನಸ್ಥಾನದ ಮೂರನೆಯ ಅಧ್ಯಾಯದಲ್ಲಿ ಅಗ್ನಿವೇಶ ತನ್ನ ಗುರು ಆತ್ರೇಯನ ಮುಂದೆ ಇಡುವ ಪ್ರಶ್ನೆ ಇದು. ಗುರುವಿನ ಉತ್ತರದಲ್ಲಿ ಒಂದಿಷ್ಟು ಕುಚೋದ್ಯವೂ ಇದೆ. ಎಲ್ಲವೂ ಮೊದಲೇ ನಿಗದಿಯಾಗಿದ್ದರೆ ಮಂತ್ರ ಯಾಕೆ, ಮದ್ದು ಯಾಕೆ, ರೊಚ್ಚಿಗೆದ್ದ ಆನೆಯೋ ಕೋಣವೋ ಎದುರಾದಾಗ ದಾರಿ ಬಿಟ್ಟು ಸರಿಯುವುದಾದರೂ ಯಾಕೆ? ದೈವವೂ ಇದೆ, ಪುರುಷಕಾರವೂ (ಮನುಷ್ಯಪ್ರಯತ್ನವೂ) ಇದೆ. ಎರಡರಲ್ಲಿ ಬಲವಾದದ್ದು ದುರ್ಬಲವಾದದ್ದನ್ನು ಮೀರುತ್ತದೆ ಎಂಬುದು ಅವನ ನಿಲುವು. ಆಯುಸ್ಸಿಗೆ ಅವನ ಹೋಲಿಕೆ ಗಾಡಿಯದು: ಒಳ್ಳೆಯ ಗಾಡಿಯ ಅಚ್ಚು ಕಾಲಕಾಲಕ್ಕೆ ಸವೆದು ಮುರಿಯುವುದು ಒಂದು ಬಗೆ. ಹೇರು ಹೆಚ್ಚಾಗಿ, ದಾರಿ ಕೆಟ್ಟು, ಕೀಲೆಣ್ಣೆ ಕಾಣದೆ ನಡುದಾರಿಯಲ್ಲೇ ಮುರಿಯುವುದು ಇನ್ನೊಂದು ಬಗೆ.

ಬಸುರಿಯೊಬ್ಬಳು ಫಿಟ್ಸ್ ಬಂದು ತೀರಿಕೊಂಡ ಮನೆಯಲ್ಲಿ ‘ಅವಳು ಪಡಕೊಂಡು ಬಂದದ್ದು ಅಷ್ಟೇ’ ಎನ್ನುವವರು ಈ ಎರಡನೆಯ ಬಗೆಯನ್ನು ಮರೆತಿರುತ್ತಾರೆ.

ಇಂಥ ಫಿಟ್ಸ್‌ಗೆ ದಾರಿ ಮಾಡುವ, ಗರ್ಭನಂಜು ಎಂದೂ ಕರೆಯುವ ಪ್ರೀ-ಎಕ್ಲಾಂಪ್ಸಿಯಾ ಜಗತ್ತಿನಲ್ಲಿ 100 ಬಸುರಿಯರಲ್ಲಿ 2ರಿಂದ 8 ಮಂದಿಗೆ ಬರುತ್ತದೆ. 20 ವಾರ ಕಳೆದ ಮೇಲೆ ರಕ್ತದೊತ್ತಡ 140/90ಕ್ಕೆ ಏರುತ್ತದೆ, ಸಾಮಾನ್ಯವಾಗಿ ಮೂತ್ರದಲ್ಲಿ ಪ್ರೋಟೀನ್ ಕಾಣಿಸಿಕೊಳ್ಳುತ್ತದೆ. ಆದರೆ ಕೇಡಿನ ಬೀಜ ಇರುವುದು ಅದಕ್ಕೂ ವಾರಗಟ್ಟಲೆ ಹಿಂದೆ, ಮಾಸಿನಲ್ಲಿ. ಗರ್ಭಕೋಶದ ರಕ್ತನಾಳಗಳು ಅಗಲವಾಗಬೇಕಾದಷ್ಟು ಅಗಲವಾಗದೆ ಮಾಸಿಗೆ ರಕ್ತ ಸಾಲದು. ಆಗ ಅದು ಎಸ್‌ಫ್ಲಿಟ್-1 ಎಂಬ ಪ್ರೋಟೀನನ್ನು ವಿಪರೀತವಾಗಿ ತಾಯಿಯ ರಕ್ತಕ್ಕೆ ಬಿಡುತ್ತದೆ. ನಾಳಗಳನ್ನು ಪೊರೆಯುವ ಪಿಎಲ್‌ಜಿಎಫ್ ಎಂಬ ಇನ್ನೊಂದು ಪ್ರೋಟೀನು ಅದರ ಕೈಗೆ ಸಿಕ್ಕಿ ನಿರುಪಯೋಗಿಯಾಗುತ್ತದೆ. ಭಾರತ ಮೂಲದ ವೈದ್ಯ ಅನಂತ್ ಕರುಮಂಚಿ ಮತ್ತು ಸಂಗಡಿಗರು 2003ರಲ್ಲಿ ಬೋಸ್ಟನ್ನಿನಲ್ಲಿ ಗಬ್ಬದ ಇಲಿಗಳಲ್ಲಿ ಈ ಪ್ರೋಟೀನನ್ನು ಹೆಚ್ಚಿಸಿ ನೋಡಿದರು. ಇಲಿಗಳ ರಕ್ತದೊತ್ತಡ ಏರಿತು, ಮೂತ್ರದಲ್ಲಿ ಪ್ರೋಟೀನ್ ಬಂತು, ಮೂತ್ರಪಿಂಡದಲ್ಲಿ ಈ ರೋಗದ್ದೇ ಗುರುತು ಕಂಡಿತು. ಯಾವ ಜನ್ಮದ ಪಾಪವೋ ಎಂದು ಸೊಸೆಯ ಕಡೆ ಬೆರಳು ತೋರಿಸುವವರಿಗೆ ಒಂದು ಮಾತು: ಮಾಸು ಬಹುಪಾಲು ಬೆಳೆಯುವುದು ಭ್ರೂಣದ ಕಡೆಯ ಜೀವಕೋಶಗಳಿಂದ, ಅದರಲ್ಲಿ ನಿಮ್ಮ ಮಗನ ಪಾಲೂ ಇದೆ.

ಹಾಗಾದರೆ ರಕ್ತ ಮುಂದಾಗುವುದನ್ನು ಹೇಳುತ್ತದೆಯೇ? 2016ರಲ್ಲಿ ಪ್ರಕಟವಾದ ‘ಪ್ರೊಗ್ನಾಸಿಸ್’ ಅಧ್ಯಯನ ಈ ಎರಡು ಪ್ರೋಟೀನುಗಳ ಅನುಪಾತಕ್ಕೆ 38 ಎಂಬ ಗೆರೆ ಎಳೆಯಿತು. ರೋಗದ ಅನುಮಾನವಿರುವ ಬಸುರಿಯಲ್ಲಿ ಅನುಪಾತ 38 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಮುಂದಿನ ಒಂದು ವಾರ ರೋಗ ಬರುವುದಿಲ್ಲ ಎಂಬ ಮಾತು ಶೇ. 99.3ರಷ್ಟು ನಿಜವಾಯಿತು. ಗೆರೆ ದಾಟಿದವರಲ್ಲಿ ನಾಲ್ಕು ವಾರದೊಳಗೆ ರೋಗ ಬಂದದ್ದು ಶೇ. 36.7 ಮಂದಿಗೆ ಮಾತ್ರ. ಜಾತಕ ಹೇಳುವವರು ಆಗುವುದನ್ನು ಧೈರ್ಯವಾಗಿ ಹೇಳುತ್ತಾರೆ. ಈ ಪರೀಕ್ಷೆಯ ಧೈರ್ಯವೆಲ್ಲ ಆಗದ್ದನ್ನು ಹೇಳುವುದರಲ್ಲಿ.

ದೈವ–ಪುರುಷಕಾರದ ವಾದಕ್ಕೆ ಇನ್ನೂ ಹತ್ತಿರದ್ದು 2017ರ ‘ಆಸ್ಪ್ರೆ’ ಪ್ರಯೋಗ. 11ರಿಂದ 13 ವಾರದ ಬಸುರಿಯರ ರಕ್ತ, ರಕ್ತದೊತ್ತಡ, ಗರ್ಭಕೋಶದ ನಾಳದ ಸ್ಕ್ಯಾನ್ ನೋಡಿ ಅಪಾಯ ಹೆಚ್ಚೆಂದು ಕಂಡವರನ್ನು ಆರಿಸಿದರು. ಅರ್ಧದಷ್ಟು ಮಂದಿಗೆ ರಾತ್ರಿ 150 ಮಿಲಿಗ್ರಾಂ ಆಸ್ಪಿರಿನ್, ಉಳಿದವರಿಗೆ ಔಷಧವಿಲ್ಲದ ಮಾತ್ರೆ. 37 ವಾರದೊಳಗೆ ಹೆರಿಗೆಯಾಗಬೇಕಾಗಿ ಬಂದ ಪ್ರೀ-ಎಕ್ಲಾಂಪ್ಸಿಯಾ ಮೊದಲ ಗುಂಪಿನಲ್ಲಿ ಶೇ. 1.6, ಎರಡನೆಯದರಲ್ಲಿ ಶೇ. 4.3. ಅಂದರೆ ಅಪಾಯವಿದೆ ಎಂದು ಹೇಳಿಸಿಕೊಂಡೂ ಮದ್ದು ಸಿಗದವರಲ್ಲಿ 100ಕ್ಕೆ ಸುಮಾರು 96 ಮಂದಿಗೆ ಅಷ್ಟು ಬೇಗ ಅದು ಬರಲೇ ಇಲ್ಲ. ಬಂದೇ ತೀರುವುದಲ್ಲದ ಮೇಲೆ ಅದನ್ನು ವಿಧಿ ಎನ್ನುವುದು ಹೇಗೆ? ಮಾತ್ರೆಯಿಂದ ಪಾರಾದವಳು ಯಾರೆಂದು ಬೆರಳು ಮಾಡಿ ತೋರಿಸಲೂ ಆಗದು. ಪ್ರಯತ್ನ ಗೆದ್ದಾಗ ಏನೂ ಆಗಿರುವುದಿಲ್ಲ, ಹಾಗಾಗಿ ಅದಕ್ಕೆ ಹರಕೆ ತೀರಿಸುವವರೂ ಇಲ್ಲ.

ಮುಂಚೆಯೇ ತಿಳಿಯುವುದಕ್ಕೊಂದು ಕೆಟ್ಟ ಮಗ್ಗುಲೂ ಇದೆ. ‘ಮೊದಲೇ ಗೊತ್ತಿತ್ತಲ್ಲ, ಯಾಕೆ ಜೋಪಾನ ಮಾಡಲಿಲ್ಲ?’ ಎಂದು ನಾಳೆ ಅದೇ ಹೆಂಗಸನ್ನು ದೂರಬಹುದು. ಹಣೆಬರಹದ ಮಾತಿನಲ್ಲಿ ಆಕೆಯ ಮೇಲೆ ಕನಿಕರವಾದರೂ ಇತ್ತು. ಆತ್ರೇಯನ ಲೆಕ್ಕದಲ್ಲಿ ಬಲವಾದ ದೈವದ ಮುಂದೆ ದುರ್ಬಲ ಪ್ರಯತ್ನ ಸೋಲುವುದೂ ಉಂಟು ಎಂಬುದನ್ನು ಇಲ್ಲಿ ನೆನೆಯಬೇಕು. ರೋಗ ನೆಲೆಯೂರಿದ ಮೇಲೆ ಅದಕ್ಕೆ ಇವತ್ತಿಗೂ ಇರುವ ಕಡೆಯ ಪರಿಹಾರ ಹೆರಿಗೆ ಒಂದೇ. ಅದು 28ನೆಯ ವಾರದಲ್ಲೇ ಆದರೆ ಮಗುವಿನ ಪಾಡೇನು ಎಂಬುದನ್ನು ಯಾವ ರಕ್ತಪರೀಕ್ಷೆಯೂ ತೀರ್ಮಾನಿಸಿ ಕೊಡುವುದಿಲ್ಲ.

ಭವಿಷ್ಯ ತಿಳಿಯದೆಯೂ ಪ್ರಯತ್ನಪಡಬಹುದು ಎಂಬುದಕ್ಕೆ ಬೆಳಗಾವಿಯೇ ಸಾಕ್ಷಿ. ಬೆಳಗಾವಿ, ನಾಗಪುರ ಸೇರಿದಂತೆ ಆರು ದೇಶಗಳ ಕೇಂದ್ರಗಳಲ್ಲಿ ಸುಮಾರು 12,000 ಚೊಚ್ಚಲ ಬಸುರಿಯರ ಮೇಲೆ ನಡೆದ ಪ್ರಯೋಗ 2020ರಲ್ಲಿ ಪ್ರಕಟವಾಯಿತು. ಅಪಾಯ ಯಾರಿಗೆ ಹೆಚ್ಚೆಂದು ರಕ್ತ ನೋಡಿ ಆರಿಸಲಿಲ್ಲ. ಅರ್ಧದಷ್ಟು ಮಂದಿಗೆ ದಿನಕ್ಕೆ 81 ಮಿಲಿಗ್ರಾಂ ಆಸ್ಪಿರಿನ್ ಕೊಟ್ಟರು, ಅಷ್ಟೇ. ಅವಧಿಗೆ ಮುನ್ನ ಹೆರಿಗೆಯಾಗುವುದು ಶೇ. 13.1ರಿಂದ 11.6ಕ್ಕೆ ಇಳಿಯಿತು.

ಆಸ್ಪಿರಿನ್ನನ್ನು ವೈದ್ಯರ ಮಾತಿಲ್ಲದೆ ನುಂಗುವಂತಿಲ್ಲ. ಆದರೆ ತೋಳಿಗೆ ಬಿ.ಪಿ. ಪಟ್ಟಿ ಸುತ್ತಿಸಿಕೊಳ್ಳಲು, ಮೂತ್ರದಲ್ಲಿ ಅದ್ದುವ ಪಟ್ಟಿಯ ಬಣ್ಣ ನೋಡಿಸಲು ಪ್ರಾಥಮಿಕ ಆರೋಗ್ಯ ಕೇಂದ್ರ ಸಾಕು. ಐದು ತಿಂಗಳು ತುಂಬಿದ ಬಸುರಿಗೆ ತಲೆ ಸಿಡಿಯುತ್ತಿದ್ದರೆ, ಕಣ್ಣು ಮಂಜಾಗುತ್ತಿದ್ದರೆ, ಎದೆಗೂಡಿನ ಕೆಳಗೆ ನೋಯುತ್ತಿದ್ದರೆ, ಮುಖ ಇದ್ದಕ್ಕಿದ್ದಂತೆ ಊದಿದ್ದರೆ, ಕಣಿ ಕೇಳುವುದನ್ನು ಆಮೇಲೆ ನೋಡಿಕೊಳ್ಳಿ. ಅವತ್ತೇ ಕರೆದುಕೊಂಡು ಹೋಗಿ ಬಿ.ಪಿ. ನೋಡಿಸಿ.