ಹೇಳದೆ ಉಳಿದ ರಿಪೇರಿ

ನಾನು ಡೊಂಬಿವಲಿಗೆ ವರ್ಗವಾಗಿ ಬಂದದ್ದು 1989ರಲ್ಲಿ. ಪುತ್ತೂರಿನ ಕಡೆಯವನಾದ ನನಗೆ ಆಗ ಬರುತ್ತಿದ್ದದ್ದು ಸಿನಿಮಾದ ಹಿಂದಿ ಮಾತ್ರ. ಒಂದು ದಿನ ಮೆಕ್ಯಾನಿಕ್ ನನ್ನ ಚೇತಕ್ ಸ್ಕೂಟರಿನ ಪ್ಲಗ್ ಬಿಚ್ಚಿ ನೋಡಿ, "ಸಾಬ್, ಚೂಡಿ ಮರ್ ಗಯೀ" ಎಂದ. ಬಳೆ ಸತ್ತುಹೋಗಿದೆ! ಗಾಬರಿಯಾಯಿತು ನನಗೆ. ಆಮೇಲೆ ತಿಳಿಯಿತು, ಇಲ್ಲಿಯ ಹಿಂದಿಯಲ್ಲಿ ಬಳೆಗೂ ಚೂಡಿ, ಸ್ಕ್ರೂವಿನ ಸುತ್ತಿಗೂ ಚೂಡಿ. ಮರಾಠಿಯವರು ಅದನ್ನೇ 'ಆಟೆ' ಎನ್ನುತ್ತಾರೆ. ನಮ್ಮೂರಲ್ಲಾದರೆ "ಥ್ರೆಡ್ ಹೋಯ್ತು" ಅಂತ ಹೇಳಿ ಮುಗಿಸುತ್ತಿದ್ದರು.

ಥ್ರೆಡ್ ತಾನಾಗಿ ಹೋದದ್ದಲ್ಲ, ನಾನೇ ಕೊಂದದ್ದು. ಹಿಂದಿನ ಭಾನುವಾರ ಪ್ಲಗ್ ತೆಗೆದು ಉಜ್ಜಿ, ಮತ್ತೆ ಹಾಕುವಾಗ ಸ್ವಲ್ಪ ಓರೆಯಾಗಿತ್ತು. ಪ್ಲಗ್ಗನ್ನು ಮೊದಲು ಬರಿಗೈಯಲ್ಲಿ ತಿರುಗಿಸಿ ಕೂರಿಸಬೇಕು, ಕೊನೆಗೆ ಮಾತ್ರ ಪಾನಾ ಹಾಕಬೇಕು. ನಾನು ಮೊದಲಿಗೇ ಪಾನಾ ಹಾಕಿದೆ. ಸಾಲದ್ದಕ್ಕೆ ಬ್ಯಾಂಕಿನವರ ಬುದ್ಧಿ ನೋಡಿ, ಭದ್ರತೆಗೆ ಇನ್ನರ್ಧ ಸುತ್ತು ಇರಲಿ ಅಂತ ಬಿಗಿದೆ. ಪ್ಲಗ್ಗಿನದ್ದು ಉಕ್ಕಿನ ಮೈ, ಹೆಡ್ಡಿನದ್ದು ಅಲ್ಯೂಮಿನಿಯಂ. ಉಕ್ಕಿನ ಜತೆ ಗುದ್ದಾಡಿದರೆ ಸೋಲುವುದು ಅಲ್ಯೂಮಿನಿಯಮ್ಮೇ.

ಮೆಕ್ಯಾನಿಕ್ ಉತ್ತರ ಪ್ರದೇಶದವನು. ಹೆಡ್ ಕಳಚಿ, ಹಾಳಾದ ತೂತನ್ನು ಮೊದಲು ಇನ್ನಷ್ಟು ದೊಡ್ಡದು ಮಾಡಿದ. ನನಗೆ ಹೊಟ್ಟೆ ಉರಿಯಿತು. ಆ ದೊಡ್ಡ ತೂತಿಗೆ ಟ್ಯಾಪ್ ಹಾಕಿ ಹೊಸ ಸುತ್ತು ಕೊರೆದ. ಆಮೇಲೆ ಸ್ಟೇನ್‌ಲೆಸ್ ಉಕ್ಕಿನ ತಂತಿಯ ಒಂದು ಸಣ್ಣ ಸುರುಳಿಯನ್ನು ಅದರೊಳಗೆ ತಿರುಗಿಸಿ ಇಳಿಸಿದ. ಅದರ ಹೆಸರು ಹೆಲಿಕಾಯಿಲ್. ಗ್ಯಾರೇಜಿನಲ್ಲಿ 'ಸ್ಪ್ರಿಂಗ್' ಅಂದರೂ ಆಗುತ್ತದೆ. ಸುರುಳಿ ತೂತಿಗಿಂತ ಕೂದಲೆಳೆಯಷ್ಟು ದಪ್ಪವಿರುವುದರಿಂದ ಒಳಗೆ ಹೋದ ಮೇಲೆ ಹೊರಕ್ಕೆ ಒತ್ತಿಕೊಂಡು ಕೂರುತ್ತದೆ. ಸುರುಳಿಯ ಒಳಮೈಯೇ ಹೊಸ ಥ್ರೆಡ್. ಹಾಗಾಗಿ ಅದೇ ಹಳೆಯ 14 ಮಿಲಿಮೀಟರಿನ ಪ್ಲಗ್ಗೇ ಸರಿಯಾಗಿ ಹಿಡಿಯುತ್ತದೆ. ಸುರುಳಿಯನ್ನು ತಿರುಗಿಸಲು ತುದಿಯಲ್ಲಿ ಒಂದು ಅಡ್ಡ ತುಣುಕು ಇರುತ್ತದೆ. ಕೆಲಸ ಮುಗಿದ ಮೇಲೆ ಅದನ್ನು ಮುರಿದು ತೆಗೆಯಬೇಕು. ಸಿಲಿಂಡರಿನೊಳಗೆ ಬಿದ್ದರೆ ಎಂಜಿನ್ನೇ ಹಾಳು. ಅವನು ಆ ತುಣುಕನ್ನು ನನ್ನ ಅಂಗೈಯಲ್ಲಿಟ್ಟ. "ಗಿನ್ ಲೋ ಸಾಬ್" ಎಂದ. ಸಂಜೆ ಕ್ಯಾಶ್ ತಾಳೆ ಹಾಕುವ ಕ್ಯಾಶಿಯರನ ಹಾಗೆ ಕಂಡ ನನಗೆ.

ಆಮೇಲೆ ಸಾಲದ ತಪಾಸಣೆಗೆಂದು ಠಾಣೆಯ ವಾಗ್ಳೆ ಎಸ್ಟೇಟ್, ಡೊಂಬಿವಲಿಯ ಎಂಐಡಿಸಿ, ನವಿ ಮುಂಬಯಿಯ ಠಾಣೆ-ಬೇಲಾಪುರ ರಸ್ತೆಯ ವರ್ಕ್‌ಶಾಪುಗಳಿಗೆ ಹೋದಾಗಲೆಲ್ಲ ಈ ಕೆಲಸ ಕಣ್ಣಿಗೆ ಬೀಳುತ್ತಿತ್ತು. ಪಂಪಿನ ಬಾಡಿ, ಗೇರ್ ಬಾಕ್ಸ್, ಅಚ್ಚು, ಒಂದೊಂದರ ತೂತಿಗೆ ಒಂದೊಂದು ಉಪಾಯ. ಕೆಲವರು ತೂತು ದೊಡ್ಡದು ಮಾಡಿ ದಪ್ಪ ಬೋಲ್ಟ್ ಹಾಕುತ್ತಾರೆ, ಕೆಲವರು ವೆಲ್ಡಿಂಗ್ ತುಂಬಿಸಿ ಹೊಸದಾಗಿ ಕೊರೆಯುತ್ತಾರೆ. ತೂತಿನ ಸುತ್ತ ಬಿರುಕು ಬಿಟ್ಟಿದ್ದರೆ, ಗೋಡೆ ತೆಳುವಾಗಿದ್ದರೆ ಸುರುಳಿಯಿಂದಲೂ ಉಪಯೋಗವಿಲ್ಲ. ಆದರೆ ಮೆತ್ತನೆಯ ಲೋಹದಲ್ಲಿ ಸರಿಯಾಗಿ ಕೂತ ಸುರುಳಿ ಮೊದಲಿನ ಥ್ರೆಡ್ಡಿಗಿಂತ ಗಟ್ಟಿ. ಎರಡನೆಯ ಮಹಾಯುದ್ಧದ ಕಾಲದಲ್ಲೇ ವಿಮಾನದ ಎಂಜಿನ್ನಿಗೆ ಇದನ್ನು ಬಳಸುತ್ತಿದ್ದರು. ಈಗಲೂ ಎಷ್ಟೋ ಭಾಗಗಳಿಗೆ ಹೊಸದಿರುವಾಗಲೇ ಹಾಕಿಡುತ್ತಾರೆ.

ಇಷ್ಟು ಗೊತ್ತಿದ್ದೂ ನಾನು ಮಾಡಿದ್ದು ಕೇಳಿ.

1998ರಲ್ಲಿ ಸ್ಕೂಟರ್ ಮಾರಿದೆ. ಕೊಳ್ಳಲು ಬಂದವನು ಕಲ್ಯಾಣದ ಒಂದು ಉಡುಪಿ ಹೋಟೆಲಿನಲ್ಲಿ ಕ್ಯಾಶಿನಲ್ಲಿ ಕೂರುತ್ತಿದ್ದ ಕಾರ್ಕಳ ಕಡೆಯ ಹುಡುಗ. "ಒಂದು ಸಲ ಮೆಕ್ಯಾನಿಕ್ಕಿಗೆ ತೋರಿಸಿ ತಮ್ಮಾ" ಅಂದೆ. ಅವನು ನಕ್ಕ. "ನೀವು ಓಡಿಸಿದ್ದಲ್ವಾ ಸಾರ್, ಮತ್ತೆ ನೋಡ್ಲಿಕ್ಕೆ ಎಂಥ ಉಂಟು?" ಆಗಲೇ ಹೇಳಬೇಕಿತ್ತು. ಬಾಯಿಯವರೆಗೆ ಬಂದಿತ್ತು ಕೂಡ. ಹೇಳಿದರೆ 500 ರೂಪಾಯಿ ಕಡಿಮೆ ಮಾಡಿಯಾನು ಅಂತ ನುಂಗಿಕೊಂಡೆ. ಸುಳ್ಳು ಹೇಳಲಿಲ್ಲವಲ್ಲ, ಕೇಳಿದ್ದರೆ ಹೇಳುತ್ತಿದ್ದೆ ಎಂದು ಸಮಾಧಾನವನ್ನೂ ಮಾಡಿಕೊಂಡೆ.

ವಾಣಿಜ್ಯ ಓದಿದವನಿಗೆ ಇಂಥ ಸಮಾಧಾನಕ್ಕೆ ಕಾನೂನೇ ಸಿಗುತ್ತದೆ. 1872ರ ಭಾರತೀಯ ಕರಾರು ಕಾಯಿದೆಯ 17ನೆಯ ಕಲಂ ಪ್ರಕಾರ ಬರೀ ಮೌನ ಮೋಸವಲ್ಲ. ಅಲ್ಲಿ ಒಂದು ಕುದುರೆಯ ಉದಾಹರಣೆಯಿದೆ. ಕುದುರೆಗೆ ಐಬಿದೆ ಎಂದು ಮಾರುವವನಿಗೆ ಗೊತ್ತು, ಆದರೂ ಏನೂ ಹೇಳದೆ ಹರಾಜಿನಲ್ಲಿ ಮಾರುತ್ತಾನೆ, ಅದು ಮೋಸವಲ್ಲ. ಮರುಸಾಲಿನಲ್ಲೇ ಎರಡನೆಯ ಉದಾಹರಣೆ: ಕೊಳ್ಳುವವಳು ಅವನ ಮಗಳು, ಈಗಷ್ಟೇ ಪ್ರಾಯಕ್ಕೆ ಬಂದವಳು. ಆಗ ಆ ಸಂಬಂಧದಿಂದಾಗಿಯೇ ಐಬನ್ನು ಹೇಳುವುದು ಅವನ ಕರ್ತವ್ಯವಾಗುತ್ತದೆ. ಪರೀಕ್ಷೆಗೆ ಬಾಯಿಪಾಠ ಮಾಡಿದ ಈ ಎರಡನೆಯ ಕುದುರೆ ಎಷ್ಟೋ ರಾತ್ರಿ ನನ್ನ ನಿದ್ದೆಗೆಡಿಸಿದೆ. ಪರವೂರಿನಲ್ಲಿ 'ನಮ್ಮವರು' ಅಂತ ನಂಬಿ ಬಂದವನು ಮಗಳ ಲೆಕ್ಕಕ್ಕೆ ಸೇರುತ್ತಾನೋ, ಹರಾಜಿನವನ ಲೆಕ್ಕಕ್ಕೋ?

ಎರಡು ವರ್ಷದ ಮೇಲೆ ಅವನು ಒಂದು ಕನ್ನಡ ಕಾರ್ಯಕ್ರಮದಲ್ಲಿ ಸಿಕ್ಕಿದ. ಊಟದ ಸಾಲಿನಲ್ಲಿ ನಿಂತಿದ್ದಾಗ ಧೈರ್ಯ ಮಾಡಿ ಹೇಳಿಬಿಟ್ಟೆ. "ಗೊತ್ತುಂಟು ಸಾರ್" ಎಂದ. "ಮೊದಲ ಸಲ ಪ್ಲಗ್ ತೆಗ್ದಾಗಲೇ ಮೆಕ್ಯಾನಿಕ್ ಸ್ಪ್ರಿಂಗ್ ತೋರಿಸಿದ. ಗಟ್ಟಿ ಉಂಟು, ಇನ್ನೂ ಓಡ್ತಾ ಉಂಟು." ಸ್ವಲ್ಪ ತಡೆದು, "ನೀವು ಹೇಳಿದ್ರೂ ತಕೊಳ್ತಿದ್ದೆ ನಾನು" ಎಂದ. ಬೈದಿದ್ದರೆ ಹಗುರವಾಗುತ್ತಿತ್ತು. ಒಳ್ಳೆಯ ರಿಪೇರಿಯೊಂದನ್ನು ನಾನೇ ಮುಚ್ಚಿಟ್ಟು ಐಬು ಮಾಡಿದ್ದೆ.

ಇಷ್ಟಕ್ಕೇ ಮುಗಿಸಿದರೆ ನೀತಿ ಸುಲಭ: ನಮ್ಮವರಿಗೆ ಮೋಸ ಮಾಡಬೇಡಿ. ಆದರೆ ನನ್ನನ್ನು ನಾನೇ ಕೇಳಿಕೊಂಡೆ, ಕೊಂಡವನು ಸಾತಾರಾದವನೋ ಸೂರತ್ತಿನವನೋ ಆಗಿದ್ದರೆ ನನಗೆ ನಿದ್ದೆ ಬರುತ್ತಿತ್ತೇ? ನಿಜ ಹೇಳಬೇಕೆಂದರೆ, ಬರುತ್ತಿತ್ತು. ನನಗೆ ಹೆಚ್ಚು ನಾಚಿಕೆಯಾದದ್ದು ಅದಕ್ಕೆ. ನಾವು ಊರು ಬಿಟ್ಟವರು ಸಂಘ ಕಟ್ಟಿ ನಮ್ಮವರನ್ನು ಹುಡುಕಿಕೊಳ್ಳುತ್ತೇವೆ, ತಪ್ಪಲ್ಲ. ಆದರೆ ಸತ್ಯವನ್ನೂ ಸಂಘದ ಸದಸ್ಯರಿಗೆ ಮಾತ್ರ ಅಂತ ಮೀಸಲಿಟ್ಟರೆ? ಆ ಮೆಕ್ಯಾನಿಕ್ ತುಣುಕನ್ನು ಅಂಗೈಗಿಡುವಾಗ ನಾನು ಯಾವ ಊರಿನವನೆಂದು ಕೇಳಿರಲಿಲ್ಲ. ಅವನಿಗೆ ನಾನೂ ಪರದೇಶಿಯೇ, ನನಗೆ ಅವನೂ.

ನಿವೃತ್ತನಾದ ಮೇಲೆ ಡೊಂಬಿವಲಿಯ ಫ್ಲ್ಯಾಟ್ ಮಾರಿ ಮಗನಿಗೆ ಹತ್ತಿರವಾಗಲೆಂದು ಖಾರ್ಘರ್‌ಗೆ ಬಂದೆವು. ಫ್ಲ್ಯಾಟ್ ನೋಡಲು ಬಂದವರು ನಾಸಿಕದ ಕಡೆಯವರು, ಪರಿಚಯವೇ ಇಲ್ಲ. ಎಲ್ಲ ಮೆಚ್ಚಿ ಹೊರಟವರನ್ನು ನಿಲ್ಲಿಸಿ, ಮಲಗುವ ಕೋಣೆಯ ಗೋಡೆ ಮಳೆಗೆ ಸೋರುತ್ತಿತ್ತು, ಮೂರು ವರ್ಷದ ಹಿಂದೆ ರಿಪೇರಿ ಮಾಡಿಸಿದ್ದೇನೆ, ಆಮೇಲೆ ಸೋರಿಲ್ಲ ಎಂದೆ. ಅವರು ಮುಖ ಮುಖ ನೋಡಿಕೊಂಡರು. ಮರುದಿನ ಫೋನ್ ಮಾಡಿ 25,000 ರೂಪಾಯಿ ಕಡಿಮೆ ಮಾಡಿ ಎಂದರು. ಮಾಡಿದೆ.

ನನ್ನಾಕೆ ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ಕಾಫಿ ಕೊಡುತ್ತಾ, "ಅಡುಗೆಮನೆ ನಲ್ಲಿದೂ ಹೇಳಿದ್ರಾ?" ಎಂದು ಕೇಳಿದಳು. ಅದು ಮರೆತೇಹೋಗಿತ್ತು. ಮತ್ತೆ ಫೋನ್ ಎತ್ತಿದೆ.