ಹಾಡಿನ ಋಣ

ಹಾಡಿಗೆ ಒಡೆಯರುಂಟೆ? ಹೊಲಕ್ಕೆ ಎಲ್ಲೆಯುಂಟು, ಮನೆಗೆ ಗೋಡೆಯುಂಟು. ಒಬ್ಬನ ಕೊರಳಿನಿಂದ ಇನ್ನೊಬ್ಬನ ಕಿವಿಗೆ ಸೇರುವ ಸ್ವರಕ್ಕೆ ಬೇಲಿಯೆಲ್ಲಿ? ಈ ಮಾತು ಕೇಳುವುದಕ್ಕೆ ಉದಾರವಾಗಿದೆ. ಆದರೆ ಉದಾರವಾದ ಮಾತು ಅನ್ಯಾಯಕ್ಕೆ ಹೊದಿಕೆಯಾಗುವುದೂ ಉಂಟು. ಅಮೆರಿಕಾ ದೇಶದ ಕೆಲವು ವಿಶ್ವವಿದ್ಯಾನಿಲಯಗಳು ತಮ್ಮ ನಾಡಿನ ‘ಕಂಟ್ರಿ’ ಸಂಗೀತವನ್ನು ಪಾಠಕ್ರಮಕ್ಕೆ ಸೇರಿಸಿಕೊಂಡು, ಅದರ ಗಾಯನ ವಾದನಗಳೊಡನೆ ಅದರ ಹಿಂದಿರುವ ಜನರ ಚರಿತ್ರೆಯನ್ನೂ ವಿಚಾರಮಾಡತೊಡಗಿರುವುದರಿಂದ, ಈ ಪ್ರಶ್ನೆ ಹೊಸದಾಗಿ ನಮ್ಮ ಮುಂದೆ ನಿಂತಿದೆ.

ಕಂಟ್ರಿ ಎಂಬುದು ಆ ದೇಶದ ದಕ್ಷಿಣ ಪ್ರಾಂತಗಳ ಬೇಸಾಯಗಾರರು, ಗಣಿಯ ಕೂಲಿಗಳು, ಬೆಟ್ಟಸೀಮೆಯ ಬಡವರು ಪಿಟೀಲು, ಗಿಟಾರು, ಬ್ಯಾಂಜೊಗಳೊಡನೆ ಹಾಡಿ ಬೆಳೆಸಿದ ಸಂಗೀತ. ಯುರೋಪಿನ ಶಾಸ್ತ್ರೀಯ ಸಂಗೀತವನ್ನೇ ವಿದ್ಯೆಯೆಂದು ಎಣಿಸಿದ್ದ ಕಲಾಶಾಲೆಗಳಲ್ಲಿ ಇದಕ್ಕೆ ಬಹುಕಾಲ ಮಣೆ ದೊರೆಯಲಿಲ್ಲ. ಟೆನೆಸೀ ಪ್ರಾಂತದ ಈಸ್ಟ್ ಟೆನೆಸೀ ಸ್ಟೇಟ್ ವಿಶ್ವವಿದ್ಯಾನಿಲಯವು 1982ರಲ್ಲಿ ಇದರ ಒಂದು ಶಾಖೆಯಾದ ಬ್ಲೂಗ್ರಾಸ್ ಸಂಗೀತಕ್ಕೆ ಪಾಠವನ್ನು ಏರ್ಪಡಿಸಿತು. ಮುಂದೆ ಅಲ್ಲಿ ಕಂಟ್ರಿ ಸಂಗೀತದ ಅಧ್ಯಯನವೂ ನೆಲೆಗೊಂಡಿತು. ಬಡವರ ಕಲೆಗೆ ಗೌರವದ ಪೀಠ ದೊರೆತದ್ದು ಒಂದು ಬಗೆಯ ನ್ಯಾಯವೇ ಸರಿ.

ಆದರೆ ಪೀಠದ ಮೇಲೆ ಕುಳಿತವರು ಯಾರು, ಹೊರಗೆ ಉಳಿದವರು ಯಾರು ಎಂದು ಕೇಳಿದೊಡನೆ ವಿಷಯ ಜಟಿಲವಾಗುತ್ತದೆ. ಬ್ಯಾಂಜೊ ವಾದ್ಯದ ಮೂಲವು ಪಶ್ಚಿಮ ಆಫ್ರಿಕದ ಸೋರೆಬುರುಡೆಯ ತಂತಿವಾದ್ಯಗಳಲ್ಲಿದೆ. ದಾಸ್ಯಕ್ಕೆ ಮಾರಲ್ಪಟ್ಟ ಜನರು ಅದನ್ನು ತಮ್ಮ ನೆನಪಿನಲ್ಲಿ ಹೊತ್ತು ತಂದರು. 1920ರ ದಶಕದಲ್ಲಿ ಧ್ವನಿಮುದ್ರಿಕೆಯ ವ್ಯಾಪಾರಿಗಳು ದಕ್ಷಿಣದ ಸಂಗೀತವನ್ನು ಎರಡಾಗಿ ಸೀಳಿದರು. ಕಪ್ಪು ಜನರಿಗೆ ಮಾರುವುದಕ್ಕೆ ‘ರೇಸ್’ ಎಂಬ ಪಟ್ಟಿ; ಬಿಳಿಯರಿಗೆ ಮಾರುವುದಕ್ಕೆ ‘ಹಿಲ್‌ಬಿಲಿ’, ಅಂದರೆ ಗುಡ್ಡಗಾಡಿನವ, ಎಂಬ ಪಟ್ಟಿ. ಎರಡನೆಯ ಹೆಸರಿನಲ್ಲಿಯೂ ಬಡವರ ಮೇಲಣ ತಿರಸ್ಕಾರವಿದ್ದಿತೆಂಬುದನ್ನು ಮರೆಯಲಾಗದು. ಜೊತೆಗೂಡಿ ನುಡಿಸುತ್ತಿದ್ದವರನ್ನು ಅಂಗಡಿಯ ಲೆಕ್ಕ ಬೇರೆಮಾಡಿತು. ಕ್ರಮೇಣ ಆ ಲೆಕ್ಕವೇ ಚರಿತ್ರೆಯೆನಿಸಿಕೊಂಡಿತು.

ಇದರ ಫಲವನ್ನು ಇಬ್ಬರ ಬಾಳಿನಲ್ಲಿ ಕಾಣಬಹುದು. 1927ರಲ್ಲಿ ಬ್ರಿಸ್ಟಲ್ ಪಟ್ಟಣದಲ್ಲಿ ಹಾಡಿ ಕೀರ್ತಿವಂತರಾದ ಕಾರ್ಟರ್ ಕುಟುಂಬದ ಎ. ಪಿ. ಕಾರ್ಟರ್ ಊರೂರು ತಿರುಗಿ ಹಾಡುಗಳನ್ನು ಕೂಡಿಸುವಾಗ, ಲೆಸ್ಲಿ ರಿಡಲ್ ಎಂಬ ಕಪ್ಪು ಗಾಯಕನು ಜೊತೆಗೆ ಹೋಗುತ್ತಿದ್ದನು. ಕಾರ್ಟರನು ಮಾತುಗಳನ್ನು ಬರೆದುಕೊಂಡರೆ, ರಿಡಲನು ಧಾಟಿಯನ್ನು ನೆನಪಿನಲ್ಲಿಟ್ಟುಕೊಂಡು ತರುವನು. ಕೀರ್ತಿಯೂ ಹಕ್ಕೂ ಕಾರ್ಟರರ ಹೆಸರಿಗೆ ಸಂದುವು. ಇನ್ನೊಬ್ಬನು ಡಿಫೋರ್ಡ್ ಬೈಲಿ. ನ್ಯಾಶ್‌ವಿಲ್ ನಗರದ ‘ಗ್ರಾಂಡ್ ಓಲ್ ಓಪ್ರಿ’ ಎಂಬ ಪ್ರಸಿದ್ಧ ರೇಡಿಯೋ ಸಭೆಯಲ್ಲಿ ಬಾಯಿಯ ಹಾರ್ಮೋನಿಕ ನುಡಿಸಿ ಜನರನ್ನು ರಂಜಿಸಿದ ಈತನನ್ನು 1941ರಲ್ಲಿ ಕೆಲಸದಿಂದ ಬಿಡಿಸಿದರು. ಆಮೇಲೆ ಆತನು ಬೂಟುಗಳಿಗೆ ಪಾಲಿಷು ಹಾಕುವ ಅಂಗಡಿಯಿಂದ ಜೀವಿಸಿದನು. 1982ರಲ್ಲಿ ತೀರಿಕೊಂಡನು. ಕಂಟ್ರಿ ಸಂಗೀತದ ಕೀರ್ತಿಮಂದಿರದಲ್ಲಿ ಆತನ ಹೆಸರು ಸೇರಿದ್ದು 2005ರಲ್ಲಿ.

ಸಂಗೀತದ ಪಾಠದಲ್ಲಿ ಈ ಕಥೆಗಳೇಕೆ, ಶ್ರುತಿಲಯಗಳು ಸರಿಯಾಗಿದ್ದರೆ ಸಾಲದೆ, ಎಂದು ಕೆಲವರು ಆಕ್ಷೇಪಿಸುವರು. ರಸಾಸ್ವಾದಕ್ಕೆ ಚರಿತ್ರೆ ಅಡ್ಡಿಯಾಗಬಾರದೆಂಬುದು ಅವರ ವಾದ. ಸಭೆಯಲ್ಲಿ ಕೇಳುವವನಿಗೆ ಇದು ಒಪ್ಪುವ ಮಾತು. ಆದರೆ ವಿಶ್ವವಿದ್ಯಾನಿಲಯವು ಬರಿಯ ಸಭೆಯಲ್ಲ. ನಿಜವನ್ನು ತಿಳಿಸುತ್ತೇನೆಂದು ಹರಕೆ ಹೊತ್ತ ಸ್ಥಾನ. ಅದು ಸ್ವರವನ್ನು ಕಲಿಸಿ ಸ್ವರ ಕೊಟ್ಟವನನ್ನು ಮರೆಸಿದರೆ, ಅರ್ಧವನ್ನು ಮಾತ್ರ ಕಲಿಸಿದಂತಾಯಿತು.

ಇನ್ನು ಕೆಲವರು ವಿರುದ್ಧ ದಿಕ್ಕಿಗೆ ಹೋಗಿ, ಯಾರ ಹಾಡನ್ನು ಅವರ ಕುಲದವರೇ ಹಾಡಬೇಕೆನ್ನುವರು. ಅವರ ನೋವು ನಿಜವಾದದ್ದು. ನಿರ್ಣಯ ಮಾತ್ರ ಸರಿಯಲ್ಲ. ಹ್ಯಾಂಕ್ ವಿಲಿಯಮ್ಸನಿಗೆ ಬಾಲ್ಯದಲ್ಲಿ ಗಿಟಾರು ಕಲಿಸಿದವನು ರೂಫಸ್ ಪೇಯ್ನ್ ಎಂಬ ಬೀದಿಯ ಕಪ್ಪು ಗಾಯಕ. ಆ ಬೇಲಿ ಅಂದೇ ಇದ್ದಿದ್ದರೆ ಆ ಪಾಠವೂ ಇರುತ್ತಿರಲಿಲ್ಲ. ವ್ಯಾಪಾರಿಗಳು ಹಾಕಿದ ಗೆರೆಯನ್ನೇ ನ್ಯಾಯದ ಹೆಸರಿನಲ್ಲಿ ಮತ್ತೆ ಎಳೆಯುವುದು ಯಾರಿಗೆ ಹಿತ?

ನಮ್ಮ ಹಿರಿಯರು ಋಷಿಋಣವೆಂದು ಕರೆದ ಭಾವನೆ ಇಲ್ಲಿ ದಾರಿ ತೋರುತ್ತದೆ. ವಿದ್ಯೆ ಯಾರಿಂದ ಬಂದಿತೋ ಅವರಿಗೆ ನಾವು ಸಾಲಗಾರರು. ಸಾಲವನ್ನು ತೀರಿಸುವ ಬಗೆ ವಿದ್ಯೆಯನ್ನು ಬಿಡುವುದಲ್ಲ. ಕೊಟ್ಟವರನ್ನು ಸ್ಮರಿಸಿ, ಕಲಿತು, ಮುಂದಿನವರಿಗೆ ಕಲಿಸುವುದು. 2005ರಲ್ಲಿ ಉತ್ತರ ಕ್ಯಾರೊಲೈನದ ಅಪಲಾಚಿಯನ್ ಸ್ಟೇಟ್ ವಿಶ್ವವಿದ್ಯಾನಿಲಯದಲ್ಲಿ ಕಪ್ಪು ಜನರ ಬ್ಯಾಂಜೊ ಪರಂಪರೆಯನ್ನು ಕುರಿತು ಒಂದು ಸಮ್ಮೇಳನ ಸೇರಿತು. ಅಲ್ಲಿ ಕೂಡಿದ ಮೂವರು ತರುಣರು ವೃದ್ಧ ಪಿಟೀಲುಗಾರ ಜೋ ಥಾಮ್ಸನ್ನನ ಮನೆಗೆ ಹೋಗಿ, ಎದುರು ಕುಳಿತು ಕಲಿತರು. ಅವರಲ್ಲಿ ರಿಯಾನನ್ ಗಿಡನ್ಸ್ ಎಂಬಾಕೆ ಓಬರ್ಲಿನ್ ಸಂಗೀತಶಾಲೆಯಲ್ಲಿ ಆಪೆರಾ ಗಾಯನ ಕಲಿತಿದ್ದವಳು. ತಮ್ಮ ಗುರು ಇಂಥವನೆಂದು ಅವರು ಸಾರಿ ಹೇಳಿದರು. ಅವರ ಮೇಳಕ್ಕೆ 2011ರಲ್ಲಿ ಗ್ರ್ಯಾಮಿ ಪ್ರಶಸ್ತಿಯೂ ಬಂದಿತು.

ಸ್ಮರಣೆಯೊಂದರಿಂದಲೇ ಋಣ ಪೂರ್ತಿ ತೀರದು. ಹಾಡು ಯಾವ ಬಡವರದೋ ಅವರ ಮಕ್ಕಳಿಗೆ ಆ ಕಲಾಶಾಲೆಯ ಬಾಗಿಲು ತೆರೆದಿದೆಯೆ, ಅವರ ಹಿರಿಯರಿಗೆ ಅಲ್ಲಿ ಗುರುಸ್ಥಾನವುಂಟೆ ಎಂಬುದನ್ನೂ ಕೇಳಬೇಕು. ಪದವಿ ವಿಶ್ವವಿದ್ಯಾನಿಲಯಕ್ಕೆ, ಮರೆವು ಹಾಡಿದವನಿಗೆ ಎಂದಾದರೆ, ಬೈಲಿಗೆ ಆದ ಅನ್ಯಾಯವು ಮರ್ಯಾದೆಯ ವೇಷದಲ್ಲಿ ಮತ್ತೊಮ್ಮೆ ನಡೆದಂತೆಯೇ ಸರಿ.