ಮಂಡಿನೋವು ನಿಷೇಧಿಸಿದ ಪ್ರವಾದಿ

ಹೈಸ್ಕೂಲು ಮಕ್ಕಳಿಗೆ ಏನು ಓದಿಸಲಿ ಎಂದು ಕೇಳಿಕೊಂಡು ಬರುವ ಅಪ್ಪ-ಅಮ್ಮಂದಿರು ಹೊರಡುವ ಮುಂಚೆ ಒಂದು ಮಾತು ಸೇರಿಸಿಯೇ ಸೇರಿಸುತ್ತಾರೆ: ‘ಮೇಡಂ, ಸ್ವಲ್ಪ ಸಂಸ್ಕಾರ ಕಲಿಸುವಂಥದ್ದು ಇರಲಿ.’ ಅನಂತಮೂರ್ತಿಯವರ ಅದೇ ಹೆಸರಿನ ಕಾದಂಬರಿಯನ್ನೇ ಎತ್ತಿ ಕೊಟ್ಟುಬಿಡೋಣ ಎಂಬ ತುಂಟತನ ನನಗೆ ಪ್ರತಿ ಸಲವೂ ಬರುತ್ತದೆ. ಅವರಿಗೆ ಬೇಕಾದದ್ದು, ಸುಳ್ಳು ಹೇಳಿದವನು ಕೆಟ್ಟ, ಭಕ್ತನ ಕೈಯನ್ನು ದೇವರು ಬಿಡಲಿಲ್ಲ ಎಂಬ ಕಥೆ. ಹದಿಮೂರು ದಾಟಿದವರು ಅದನ್ನು ನಂಬುವುದಿಲ್ಲ. ಅಷ್ಟು ಹೊತ್ತಿಗೆ ಮನೆಯಲ್ಲೋ ಪಕ್ಕದ ಮನೆಯಲ್ಲೋ ಹರಕೆ ಹೊತ್ತರೂ ಉಳಿಯದ ಒಂದು ಜೀವವನ್ನು ಅವರು ನೋಡಿರುತ್ತಾರೆ.

ನಾನು ದೇವರನ್ನು ನಂಬುವವಳು. ಶನಿವಾರದ ಒಪ್ಪತ್ತು ಇನ್ನೂ ಬಿಟ್ಟಿಲ್ಲ. ಆದರೂ ಮೊದಲು ಕೊಡುವುದು ದೇವರನ್ನು ಕೋಣೆಯಿಂದ ಆಚೆ ಅಟ್ಟಿದ ಹುಡುಗಿಯ ಪುಸ್ತಕ.

ಇರಾನಿನ ಮರ್ಜಾನ್ ಸಾತ್ರಾಪಿ ತನ್ನ ಬಾಲ್ಯವನ್ನು ಕಪ್ಪು-ಬಿಳುಪು ಚಿತ್ರಗಳಲ್ಲಿ ಹೇಳಿದ ‘ಪರ್ಸೆಪೊಲಿಸ್’ 2000ದಲ್ಲಿ ಫ್ರೆಂಚ್ ಭಾಷೆಯಲ್ಲಿ ಬರತೊಡಗಿತು. ಆರು ವರ್ಷದ ಮರ್ಜಿಗೆ ದೊಡ್ಡವಳಾದ ಮೇಲೆ ಪ್ರವಾದಿಯಾಗಬೇಕು. ಕಾರಣಗಳು ಸ್ಪಷ್ಟ: ಮನೆಕೆಲಸದವಳು ತಮ್ಮ ಜೊತೆ ಕೂತು ಉಣ್ಣುವುದಿಲ್ಲ, ಅಜ್ಜಿಗೆ ಯಾವಾಗಲೂ ಮಂಡಿನೋವು. ತನ್ನ ಧರ್ಮಗ್ರಂಥದಲ್ಲಿ ಮುದುಕರು ನರಳಬಾರದು ಎಂದು ಅವಳು ಕಾನೂನು ಬರೆಯುತ್ತಾಳೆ. ಅದನ್ನು ಹೇಗೆ ಜಾರಿಗೆ ತರುತ್ತೀ ಎಂದು ಅಜ್ಜಿ ಕೇಳಿದರೆ, ನಿಷೇಧಿಸಿದರಾಯಿತು ಎನ್ನುತ್ತಾಳೆ. ರಾತ್ರಿ ಉದ್ದ ಗಡ್ಡದ ದೇವರು ಬಂದು ಅವಳ ಜೊತೆ ಮಾತಾಡುತ್ತಾನೆ. ಅವನ ಮುಖ ಕಾರ್ಲ್ ಮಾರ್ಕ್ಸ್‌ನ ಮುಖದಂತೆಯೇ ಇದೆ ಎಂಬುದು ಅವಳ ಅನುಮಾನ. ನಕ್ಕು ಪುಟ ತಿರುವುತ್ತಾ ಹೋಗುವಾಗಲೇ ಕ್ರಾಂತಿ ನಡೆದುಹೋಗುತ್ತದೆ. ಅಪ್ಪನ ಸಹೋದರ ಅನೂಶ್‌ನನ್ನು ಹೊಸ ಸರಕಾರ ಸೆರೆಗೆ ಹಾಕುತ್ತದೆ. ಒಬ್ಬರನ್ನು ಮಾತ್ರ ನೋಡಬಹುದು ಎಂದಾಗ ಅವನು ಕರೆಸುವುದು ಮರ್ಜಿಯನ್ನು. ಬ್ರೆಡ್ಡಿನಲ್ಲಿ ಮಾಡಿದ ಹಂಸವನ್ನು ಅವಳ ಕೈಗಿಡುತ್ತಾನೆ. ಆಮೇಲೆ ಅವನಿಗೆ ಮರಣದಂಡನೆ.

ಆ ರಾತ್ರಿ ದೇವರು ಸಮಾಧಾನ ಹೇಳಲು ಬರುತ್ತಾನೆ. ಮರ್ಜಿ ಅವನನ್ನು ಹೊರಗೆ ಹೋಗೆಂದು ಕಿರುಚುತ್ತಾಳೆ, ಇನ್ನೆಂದೂ ಮುಖ ತೋರಿಸಬೇಡ ಎನ್ನುತ್ತಾಳೆ. ಮುಂದಿನ ಚಿತ್ರ ಇಡೀ ಪುಟವನ್ನು ತುಂಬಿದೆ. ಗ್ರಹ-ತಾರೆಗಳ ನಡುವೆ ಕತ್ತಲಲ್ಲಿ ಅವಳೊಬ್ಬಳೇ ತೇಲುತ್ತಿದ್ದಾಳೆ. 2013ರಲ್ಲಿ ಶಿಕಾಗೊದ ಸರಕಾರಿ ಶಾಲೆಗಳ ಆಡಳಿತ ಈ ಪುಸ್ತಕವನ್ನು ಏಳನೇ ತರಗತಿಯಿಂದ ತೆಗೆಸಿದಾಗ ಕೊಟ್ಟ ಕಾರಣ ಚಿತ್ರಹಿಂಸೆಯ ಚಿತ್ರಗಳು. ನನ್ನನ್ನು ಕೇಳಿದರೆ, ಹುಡುಗರನ್ನು ನಿದ್ದೆಗೆಡಿಸುವ ಪುಟ ಈ ತೇಲುವ ಪುಟವೇ.

ನಮ್ಮ ದಾಸರೂ ದೇವರನ್ನು ಬೈದಿಲ್ಲವೇ, ನಿಂದಾಸ್ತುತಿಯೂ ಭಕ್ತಿಯೇ ಅಲ್ಲವೇ ಎಂದು ಗೆಳತಿಯೊಬ್ಬಳು ವಾದಿಸಿದಳು. ನನಗೆ ಒಪ್ಪಿಗೆಯಿಲ್ಲ. ದಾಸರ ಬೈಗುಳಕ್ಕೆ ಅದು ಕೊನೆಗೆ ಸ್ತುತಿಯಾಗುತ್ತದೆಂಬ ಭರವಸೆ ಇದೆ. ಮರ್ಜಿಗೆ ಅದಿಲ್ಲ. ಅವಳ ಸಿಟ್ಟನ್ನು ನಯವಾಗಿ ಭಕ್ತಿಯ ಲೆಕ್ಕಕ್ಕೆ ಬರೆದುಕೊಳ್ಳುವುದು ಹಿರಿಯರ ಚಾಲಾಕಿತನ, ಅಷ್ಟೆ. ಅವಳು ಆರನೇ ವರ್ಷಕ್ಕೇ ಅಜ್ಜಿಯ ಮಂಡಿಯನ್ನು ದೇವರನ್ನು ಅಳೆಯುವ ಕೋಲಾಗಿ ಇಟ್ಟುಕೊಂಡವಳು. ದೇವರು ಮಾಡಿದ್ದೆಲ್ಲ ನ್ಯಾಯವೋ, ಅಥವಾ ನ್ಯಾಯವೆನಿಸಿದ್ದನ್ನು ಮಾತ್ರ ದೇವರದೆಂದು ಒಪ್ಪಬೇಕೋ? ಪ್ಲೇಟೊನ ‘ಯೂಥಿಫ್ರೋ’ ಸಂವಾದದಲ್ಲಿ ಸಾಕ್ರೆಟಿಸ್ ಎತ್ತುವ ಪ್ರಶ್ನೆಯೂ ಹೆಚ್ಚುಕಡಿಮೆ ಇದೇ.

ಅದನ್ನೇ ಮೆಲುದನಿಯಲ್ಲಿ ಕೇಳುವ ಕಾದಂಬರಿ, ಕ್ಯಾಥರೀನ್ ಪ್ಯಾಟರ್ಸನ್ 1977ರಲ್ಲಿ ಬರೆದ ‘ಬ್ರಿಜ್ ಟು ಟೆರಬಿತಿಯ’. ಚೀನಾದಲ್ಲಿದ್ದ ಮಿಷನರಿ ದಂಪತಿಯ ಮಗಳಾದ ಆಕೆ ಪಾದ್ರಿಯೊಬ್ಬರನ್ನು ಮದುವೆಯಾದವಳು. ತನ್ನ ಮಗನ ಎಂಟು ವರ್ಷದ ಗೆಳತಿ ಸಿಡಿಲು ಬಡಿದು ತೀರಿಹೋದ ಮೇಲೆ ಬರೆದದ್ದು. ಕಾದಂಬರಿಯ ಲೆಸ್ಲಿ ಈಸ್ಟರ್ ದಿನ ಗೆಳೆಯ ಜೆಸ್‌ನ ಮನೆಯವರೊಂದಿಗೆ ಚರ್ಚಿಗೆ ಹೋಗುತ್ತಾಳೆ. ಏಸುವಿನ ಕಥೆ ಅವಳಿಗೆ ಸುಂದರವಾಗಿ ಕಾಣುತ್ತದೆ. ನಂಬಲೇಬೇಕಾದ ಜೆಸ್‌ಗೆ ಅದು ಬೇಸರ. ನಂಬದೆ ಸತ್ತರೆ ನರಕ ಎಂದು ಜೆಸ್‌ನ ಪುಟ್ಟ ತಂಗಿಗೆ ಗಾಬರಿ. ಕೆಲವೇ ದಿನಗಳಲ್ಲಿ ಹಳ್ಳ ದಾಟುವ ಹಗ್ಗ ಕಡಿದು ಲೆಸ್ಲಿ ಸಾಯುತ್ತಾಳೆ. ಅವಳು ನರಕಕ್ಕೆ ಹೋದಳೇ ಎಂದು ಜೆಸ್ ಅಪ್ಪನನ್ನು ಕೇಳುತ್ತಾನೆ. ದುಡಿದು ಹೈರಾಣಾದ ಆ ಅಪ್ಪ, ದೇವರು ಪುಟ್ಟ ಹುಡುಗಿಯರನ್ನು ನರಕಕ್ಕೆ ಕಳಿಸುವುದಿಲ್ಲ ಎಂದು ಒಂದೇ ಮಾತಿನಲ್ಲಿ ಹೇಳಿಬಿಡುತ್ತಾನೆ. ಶಾಸ್ತ್ರ ತೆಗೆದು ನೋಡುವುದಿಲ್ಲ. ಹಾಗೆ ಕಳಿಸುವವನನ್ನು ದೇವರೆಂದು ಕರೆಯಲು ಅವನು ತಯಾರಿಲ್ಲ, ಅಷ್ಟೇ. ಈ ಒಂದು ಪುಟಕ್ಕಾಗಿ ನಾನು ಎಷ್ಟೋ ಪ್ರವಚನಗಳನ್ನು ಬಿಟ್ಟುಕೊಡುತ್ತೇನೆ.

ಸಮಾಧಾನಕ್ಕೆ ಆಸ್ಪದವಿಲ್ಲದ ಕಡೆಯೂ ಈ ಪ್ರಶ್ನೆ ಬರುತ್ತದೆ. ದುರ್ಗಾಬಾಯಿ ವ್ಯಾಮ್ ಮತ್ತು ಸುಭಾಷ್ ವ್ಯಾಮ್ ಅಂಬೇಡ್ಕರ್ ಬದುಕನ್ನು ಗೊಂಡ ಶೈಲಿಯಲ್ಲಿ ಚಿತ್ರಿಸಿದ ‘ಭೀಮಾಯನ’ 2011ರದು. ಕಥೆಯನ್ನು ಚೌಕಗಳೊಳಗೆ ಕೂಡಿಹಾಕುವುದಿಲ್ಲವೆಂದು ಅವರು ಪಟ್ಟು ಹಿಡಿದರಂತೆ. ಮೃದುವಾಗಿ ಮಾತಾಡುವವರ ಮಾತು ಹಕ್ಕಿಯ ಆಕಾರದಲ್ಲಿದೆ. ಜಾತಿಯ ವಿಷ ಕಕ್ಕುವವರ ಮಾತಿಗೆ ಚೇಳಿನ ಕೊಂಡಿ. 1901ರಲ್ಲಿ ಮಸೂರು ಸ್ಟೇಷನ್ನಿನಲ್ಲಿಳಿದ ಬಾಲಕ ಅಂಬೇಡ್ಕರ್ ಮತ್ತು ಅವನ ಜೊತೆಗಿದ್ದ ಮಕ್ಕಳನ್ನು ಗಾಡಿಗೆ ಹತ್ತಿಸಿಕೊಳ್ಳಲು ಯಾರೂ ಒಪ್ಪುವುದಿಲ್ಲ. ಕೊನೆಗೆ ಒಬ್ಬ ದುಪ್ಪಟ್ಟು ಬಾಡಿಗೆಗೆ ಒಪ್ಪುತ್ತಾನೆ, ಗಾಡಿಯನ್ನು ಮಕ್ಕಳೇ ಹೊಡೆಯಬೇಕು, ತಾನು ಪಕ್ಕದಲ್ಲಿ ನಡೆದು ಬರುತ್ತೇನೆ ಎಂಬ ಶರತ್ತಿನ ಮೇಲೆ. ಬುತ್ತಿ ಇದೆ, ನೀರಿಲ್ಲ. ಆ ಬಾಯಾರಿದ ಹುಡುಗ 1956ರಲ್ಲಿ ನಾಗಪುರದಲ್ಲಿ ಬೌದ್ಧನಾದ. ಇಲ್ಲಿ ಕೋಲು ಹಿಡಿದು ಅಳೆದವನಿಗೆ ಕೋಣೆಯಿಂದ ತಾನೇ ಹೊರನಡೆಯುವುದೂ ಧರ್ಮದ ಹುಡುಕಾಟವೇ ಆಗಿತ್ತು.

‘ಇದನ್ನೆಲ್ಲ ಓದಿ ಮಗ ಸಂಜೆ ದೀಪ ಹಚ್ಚುವುದನ್ನು ಬಿಟ್ಟರೆ?’ ಎಂದು ಒಬ್ಬ ತಾಯಿ ಕೇಳಿದರು. ಬಿಡಬಹುದು. ಬಿಡುವುದಿಲ್ಲ ಎಂದು ನಾನು ಭರವಸೆ ಕೊಡಲಾರೆ, ಮರಳಿ ಹಚ್ಚುತ್ತಾನೆ ಎಂದು ಪುಸಲಾಯಿಸಲೂ ಆರೆ. ಹಚ್ಚುವುದಾದರೆ ಯಾರಿಗೆ ಹಚ್ಚುತ್ತಿದ್ದೇನೆಂದು ಅವನೇ ಯೋಚಿಸಲಿ.

‘ಭೀಮಾಯನ’ವನ್ನು ಎಂಟನೇ ತರಗತಿಗೇ ಕೊಡಿ, ಇಂಗ್ಲಿಷು ಎಡವಿದರೆ ಚಿತ್ರಗಳು ಕೈ ಹಿಡಿಯುತ್ತವೆ. ಕಾರಂತರ ‘ಮೂಕಜ್ಜಿಯ ಕನಸುಗಳು’ ಎಸ್ಸೆಸ್ಸೆಲ್ಸಿ ಮುಗಿದ ರಜೆಗಿರಲಿ. ಆ ಅಜ್ಜಿ ದೇವರುಗಳು ಹುಟ್ಟಿದ ಬಗೆಯನ್ನೂ ಗಂಡು-ಹೆಣ್ಣಿನ ವಿಷಯವನ್ನೂ ಮುಚ್ಚುಮರೆಯಿಲ್ಲದೆ ಆಡುವವಳು. ಮಗ ಓದುವ ಮುಂಚೆ ನೀವು ಒಮ್ಮೆ ಓದಿ. ಪ್ರಶ್ನೆ ಬರುವುದು ನಿಮ್ಮ ಹತ್ತಿರವೇ.